ಅಣಬೆಯಲ್ಲಿ ಕ್ಯಾಡ್ಮಿಯಂ, ಸೀಸ: ಲೆಕ್ಕ ಶುರುವಾಗುವುದು ಹುಲ್ಲಿನಿಂದ

ಚೀಲಕ್ಕೆ ತುಂಬಿದ ಹುಲ್ಲು, ತೌಡು, ಸುಣ್ಣ, ನೀರು ಇವುಗಳಲ್ಲಿ ಎಷ್ಟು ಲೋಹ ಇತ್ತೋ ಅದರಲ್ಲೊಂದು ಪಾಲು ಅಣಬೆಗೆ ಏರುತ್ತದೆ, ಮಿಕ್ಕಿದ್ದು ಚೀಲದಲ್ಲೇ ಉಳಿಯುತ್ತದೆ. ಅದಕ್ಕೇ ನಾನು ಅಣಬೆಗಿಂತ ಮೊದಲು ಕಚ್ಚಾವಸ್ತುವನ್ನು ಪರೀಕ್ಷೆಗೆ ಕಳಿಸುತ್ತೇನೆ. ಅಣಬೆಯ ವರದಿ ಕೈಗೆ ಬರುವಷ್ಟರಲ್ಲಿ ಆ ಕೊಯ್ಲನ್ನು ಯಾರೋ ತಿಂದು ಮುಗಿಸಿರುತ್ತಾರೆ. ಹುಲ್ಲಿನ ರಾಶಿ ಹಾಗಲ್ಲ, ಕಾಯುತ್ತದೆ.

ಲೆಕ್ಕ ಹೀಗೆ. ಚಿಪ್ಪು ಅಣಬೆಯ ಒಂದು ಚೀಲದಲ್ಲಿ 1 ಕಿಲೋ ಒಣ ಹುಲ್ಲು, ಎಲ್ಲ ಕೊಯ್ಲು ಸೇರಿ 800 ಗ್ರಾಂ ಹಸಿ ಅಣಬೆ ಎಂದಿಟ್ಟುಕೊಳ್ಳಿ. ಹುಲ್ಲಿನಲ್ಲಿ ಕಿಲೋಗೆ 0.12 ಮಿಲಿಗ್ರಾಂ ಕ್ಯಾಡ್ಮಿಯಂ ಇದ್ದರೆ, ಅಷ್ಟೂ ಅಣಬೆಗೇ ಹೋಯಿತು ಎಂದರೂ ಬರುವುದು ಕಿಲೋಗೆ 0.15 ಮಿಲಿಗ್ರಾಂ. ಐರೋಪ್ಯ ಒಕ್ಕೂಟ ಚಿಪ್ಪು ಅಣಬೆಗೂ ಶಿಟಾಕೆ ಎಂಬ ಇನ್ನೊಂದು ಬಗೆಯ ಅಣಬೆಗೂ ಇಟ್ಟಿರುವ ಮಿತಿ ಅಷ್ಟೇ. ವಾಸ್ತವದಲ್ಲಿ ಪೂರ್ತಿ ಏರುವುದಿಲ್ಲ. ಆದ್ದರಿಂದ 0.12ಕ್ಕಿಂತ ಕಡಿಮೆ ಇರುವ ಹುಲ್ಲನ್ನು ಯೋಚಿಸದೆ ಬಳಸುತ್ತೇನೆ. ಹೆಚ್ಚಿದ್ದರೆ ನಾಲ್ಕೈದು ಚೀಲ ಮಾತ್ರ ಬೆಳೆದು ಅಣಬೆಯನ್ನೇ ಪರೀಕ್ಷಿಸುತ್ತೇನೆ. ತೌಡು, ಸುಣ್ಣದ ಪಾಲನ್ನೂ ಇದೇ ಕೂಡಿಕೆಗೆ ಸೇರಿಸಬೇಕು. ಇಳುವರಿ ಕುಸಿದರೆ ಈ ಸುರಕ್ಷತೆಯ ಲೆಕ್ಕವೂ ಕುಸಿಯುತ್ತದೆ: 800 ಗ್ರಾಂ ಬದಲು 400 ಬಂದರೆ ಅದೇ ಲೋಹ ಅರ್ಧ ತೂಕಕ್ಕೆ ಹಂಚಿಕೆಯಾಗಬಹುದು.

ಬಟನ್ ಅಣಬೆಗೆ ಅಲ್ಲಿನ ಕ್ಯಾಡ್ಮಿಯಂ ಮಿತಿ ಇನ್ನೂ ಬಿಗಿ, 0.05. ಸೀಸಕ್ಕೆ ಮೂರಕ್ಕೂ ಒಂದೇ, 0.30. ಎಲ್ಲವೂ ಹಸಿ ತೂಕಕ್ಕೆ.

ಲೋಹ ಬರುವ ದಾರಿಗಳಲ್ಲಿ ನಾನು ಮೊದಲು ಅನುಮಾನಿಸುವುದು ಹುಲ್ಲಿಗೆ ಬೆರೆಸುವ ಜಿಪ್ಸಂ. ರಂಜಕ ಗೊಬ್ಬರದ ಕಾರ್ಖಾನೆಯಿಂದ ಉಪ ಉತ್ಪನ್ನವಾಗಿ ಬರುವ ಜಿಪ್ಸಂನಲ್ಲಿ ಮೂಲ ಶಿಲೆಯ ಕ್ಯಾಡ್ಮಿಯಂ ಸ್ವಲ್ಪ ಉಳಿದಿರಬಹುದು, ಹಾಗಾಗಿ ಗಣಿಯ ಜಿಪ್ಸಂ ಕೇಳಿ ತರಿಸುತ್ತೇನೆ. ವರ್ಷಗಟ್ಟಲೆ ರಂಜಕ ಗೊಬ್ಬರ ಅಥವಾ ಚರಂಡಿ ಕೆಸರು ಹಾಕಿದ ಹೊಲದ ಹುಲ್ಲಿಗೂ ಅದೇ ತೊಂದರೆ. ಭತ್ತದ ಹುಲ್ಲು, ಅಕ್ಕಿ ತೌಡು ಆರ್ಸೆನಿಕ್ ಹೊತ್ತು ತರುತ್ತವೆ. ಮರದ ಹೊಟ್ಟು ಎಲ್ಲಿಂದ ಬಂತೆಂದು ಹೇಳಲಾಗದಿದ್ದರೆ ಬೇಡವೇ ಬೇಡ: ಗೆದ್ದಲು ಹತ್ತದಂತೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಕುಡಿಸಿದ ಮರದ ಒಂದು ಮೂಟೆ ಬೆರೆತರೆ ಇಡೀ ರಾಶಿ ಹಾಳು. ಹಳೆಯ ಬಣ್ಣ ಬಳಿದ ಹಲಗೆಯಲ್ಲಿ ಸೀಸ ಇರಬಹುದು. ಹುಲ್ಲು ನೆನೆಸಲು ಸತು ಲೇಪಿತ ಡ್ರಮ್ ಬಿಟ್ಟು ಪ್ಲಾಸ್ಟಿಕ್ ಡ್ರಮ್‌ಗೆ ಹೋಗಿದ್ದೇನೆ. ಕೊಳವೆ ಬಾವಿ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದು. ಇದು ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಹೇಳಿದ ಅಂಕಿ. ಹುಲ್ಲು ನೆನೆಸಲೂ ನನಗೆ ಅದೇ ಅಳತೆ.

ಮಾದರಿ ತೆಗೆಯುವಾಗ ಆಗುವ ತಪ್ಪನ್ನು ಲ್ಯಾಬ್ ಎಷ್ಟೇ ಒಳ್ಳೆಯದಿದ್ದರೂ ಸರಿಪಡಿಸಲಾರದು. ಒಂದು ರಾಶಿಯ ಹತ್ತು ಕಡೆಯಿಂದ, ಒಳಗಿನಿಂದಲೂ, ಹಿಡಿ ಹಿಡಿ ತೆಗೆದು ಬೆರೆಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡನ್ನು ಬಿಟ್ಟು ಉಳಿದದ್ದನ್ನು ಮತ್ತೆ ಹಂಚುತ್ತೇನೆ, ಸುಮಾರು 200 ಗ್ರಾಂ ಉಳಿಯುವವರೆಗೆ. ಅಣಬೆಯಾದರೆ ಹತ್ತು ಚೀಲದಿಂದ ಇಡಿಯಾಗಿ, ಟೋಪಿ ಕಾಂಡ ಎರಡೂ. ಟೋಪಿಯಲ್ಲಿ, ಅದರಲ್ಲೂ ಅಡಿಯ ಪಕಳೆಗಳಲ್ಲಿ, ಕ್ಯಾಡ್ಮಿಯಂ ಸಾಮಾನ್ಯವಾಗಿ ಕಾಂಡಕ್ಕಿಂತ ಹೆಚ್ಚು. ಬರೀ ಕಾಂಡ ಕಳಿಸಿದರೆ ವರದಿ ಸುಳ್ಳು ಸಮಾಧಾನ ಕೊಡುತ್ತದೆ. ಬುಡಕ್ಕಂಟಿದ ಹುಲ್ಲು, ಮಣ್ಣನ್ನು ಸೆರಾಮಿಕ್ ಚಾಕುವಿನಿಂದ ಕೆರೆಯುತ್ತೇನೆ, ಯಾಕೆಂದರೆ ಸ್ಟೀಲಿನಿಂದ ಕ್ರೋಮಿಯಂ, ನಿಕ್ಕಲ್ ಸೇರಬಹುದು. ಪೇಪರ್‌ನಲ್ಲಿ ಸುತ್ತದೆ ಹೊಸ ಪಾಲಿಥೀನ್ ಚೀಲಕ್ಕೆ ಹಾಕುತ್ತೇನೆ. ಪಾದರಸವೂ ಬೇಕಿದ್ದರೆ ಒಣಗಿಸದೆ ಫ್ರೀಜ್ ಮಾಡಿ ಕಳಿಸುವುದು ಒಳ್ಳೆಯದು. ಬಿಸಿಗೆ ಅದು ಹಾರಿಹೋಗಬಹುದು. ಮೊದಲ ಕೊಯ್ಲು, ಎರಡನೆಯದು ಬೇರೆ ಬೇರೆ ಚೀಲ.

ಅತಿ ಹೆಚ್ಚು ಗೊಂದಲ ಆಗುವುದು ವರದಿ ಓದುವಾಗ. ಕ್ಯಾಡ್ಮಿಯಂ 1.2 ಎಂದು ಬಂದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಅದು ಒಣ ತೂಕಕ್ಕೋ ಹಸಿ ತೂಕಕ್ಕೋ? ಅದೇ ಅಣಬೆಯ ಇನ್ನೊಂದು ಭಾಗವನ್ನು 105 ಡಿಗ್ರಿಯಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿದಾಗ ತೇವಾಂಶ 90% ಬಂದಿದ್ದರೆ, ಹಸಿ ಲೆಕ್ಕದಲ್ಲಿ ಅದು 0.12. ಚಿಪ್ಪು ಅಣಬೆಯಾದರೆ ಮಿತಿಯೊಳಗೇ ಇದೆ, ಬಟನ್ ಆದರೆ ಸೋಲುತ್ತದೆ. ತೇವಾಂಶವನ್ನು ಊಹಿಸಬೇಡಿ, 85% ಆಗಿದ್ದರೆ ಅದೇ ಅಂಕಿ 0.18 ಆಗಿ ಚಿಪ್ಪು ಅಣಬೆಯೂ ಸೋಲುತ್ತದೆ. ಲ್ಯಾಬ್‌ಗೆ ನಾನು ಮೊದಲೇ ಮೂರು ಪ್ರಶ್ನೆ ಕೇಳುತ್ತೇನೆ: ಅಳೆಯಬಲ್ಲ ಕನಿಷ್ಠ ಪ್ರಮಾಣ ಎಷ್ಟು, ಖಾಲಿ ಮಾದರಿ (ಅಣಬೆ ಹಾಕದೆ ಬರೀ ರಾಸಾಯನಿಕಗಳದ್ದು) ಓಡಿಸುತ್ತೀರಾ, ಪ್ರಮಾಣಿತ ಮಾದರಿಯಲ್ಲಿ (ಲೋಹ ಎಷ್ಟಿದೆ ಎಂದು ಮೊದಲೇ ಗೊತ್ತಿರುವುದು) ಉತ್ತರ ಸರಿ ಬಂದಿದೆಯೇ? ಕನಿಷ್ಠವೇ 0.1 ಆಗಿದ್ದರೆ "ಪತ್ತೆಯಾಗಿಲ್ಲ" ಎಂಬ ಮಾತಿಗೆ ಬಟನ್ ಅಣಬೆಯ ವಿಷಯದಲ್ಲಿ ಬೆಲೆ ಇಲ್ಲ. ತೀರಾ ಸಣ್ಣ ಪ್ರಮಾಣದ ಲೋಹವನ್ನೂ ಅಳೆಯಬಲ್ಲ ಐಸಿಪಿ-ಎಂಎಸ್ ವಿಧಾನವನ್ನೇ ನಾನು ಕೇಳುತ್ತೇನೆ.

ಆರೋಗ್ಯದ ಮಾತಿಗೆ ಬಂದರೆ, ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಸೇರಿಕೊಂಡು ದಶಕಗಟ್ಟಲೆ ಕೂತುಬಿಡುತ್ತದೆ. ಅದೂ, ಅಜೈವಿಕ ಆರ್ಸೆನಿಕ್ಕೂ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಪಟ್ಟಿಯಲ್ಲಿವೆ. ಸೀಸ ಮಕ್ಕಳ ಮೆದುಳಿಗೆ ಕೆಡುಕು, ಅದಕ್ಕೆ ಸುರಕ್ಷಿತ ಪ್ರಮಾಣ ಎಂಬುದಿಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ ಪ್ರಕಾರ ಕ್ಯಾಡ್ಮಿಯಂ ವಾರಕ್ಕೆ ದೇಹತೂಕದ ಕಿಲೋಗೆ 2.5 ಮೈಕ್ರೋಗ್ರಾಂ ಮೀರಬಾರದು; 60 ಕಿಲೋ ತೂಗುವವರಿಗೆ 150. ಮಿತಿಯಂಚಿನ 0.15ರ ಅಣಬೆಯನ್ನು ವಾರಕ್ಕೆ 200 ಗ್ರಾಂ ತಿಂದರೆ 30 ಮೈಕ್ರೋಗ್ರಾಂ, ಐದನೇ ಒಂದು ಪಾಲು. ಧಾನ್ಯ, ತರಕಾರಿಯಿಂದ ಬರುವುದು ಬೇರೆ. ಸಿಗರೇಟು ಸೇದುವವರಿಗೆ ಇನ್ನಷ್ಟು. ಬೇಯಿಸಿದರೆ ಲೋಹ ಸಾಯುವುದಿಲ್ಲ. ತೊಳೆದರೆ ಮೇಲಿನ ಧೂಳು ಹೋಗುತ್ತದೆ, ಅಷ್ಟೇ.

ಹುಲ್ಲಿಗೆ ಸುಣ್ಣದ ಪುಡಿ ಸೇರಿಸಿ ಕ್ಷಾರತೆ ಹೆಚ್ಚಿಸಿದರೆ ಕ್ಯಾಡ್ಮಿಯಂ ಕರಗುವುದು ಕಡಿಮೆ, ನಿಜ. ಆದರೆ ಅಣಬೆಯ ಬೇರಿನಂಥ ಎಳೆಗಳು ತಾವೇ ಆಕ್ಸಾಲಿಕ್ ಆಮ್ಲ ಬಿಟ್ಟು ಸುತ್ತಲಿನದನ್ನು ಹುಳಿ ಮಾಡುತ್ತವೆ, ಹಾಗಾಗಿ ಕೆಟ್ಟ ಹುಲ್ಲನ್ನು ಸುಣ್ಣದಿಂದ ಉಳಿಸಲು ನಾನು ಹೋಗುವುದಿಲ್ಲ. ಪರೀಕ್ಷೆಯಲ್ಲಿ ಸೋತ ಕಂತಿನ ಚೀಲಗಳು ಮುಗಿದ ಮೇಲೆ ದನಕ್ಕೂ ಇಲ್ಲ, ತರಕಾರಿ ಗೊಬ್ಬರಕ್ಕೂ ಇಲ್ಲ, ಬಟನ್ ಅಣಬೆ ಬೆಳೆಯುವಾಗ ಮೇಲೆ ಹರಡುವ ಮಣ್ಣಿಗಂತೂ ಇಲ್ಲವೇ ಇಲ್ಲ. ಹುಲ್ಲು ಕೊಳೆತು ತೂಕ ಇಳಿದಿರುತ್ತದೆ, ಅಣಬೆಗೆ ಏರದೆ ಉಳಿದ ಲೋಹ ಅಲ್ಲೇ ಇರುತ್ತದೆ, ಅಂದರೆ ಕಿಲೋವಾರು ಲೆಕ್ಕದಲ್ಲಿ ಅದು ಮೊದಲಿನ ಹುಲ್ಲಿಗಿಂತಲೂ ಗಟ್ಟಿಯಾಗಿರಬಹುದು.