ತೈಪೆಯ ಗಲ್ಲಿ ಅಂಗಡಿಗಳಲ್ಲಿ ವೆಜ್ ತಿನ್ನೋದು ಹೇಗೆ

ತೈವಾನ್ ರಾಜಧಾನಿ ತೈಪೆಗೆ ಕೆಲಸಕ್ಕೋ ಓದೋಕೋ ಬರೋ ನಮ್ಮವ್ರು ಎಷ್ಟೋ ಜನ ಮೊದಲ ವಾರ ಬ್ರೆಡ್ಡು ಬಾಳೆಹಣ್ಣಲ್ಲೇ ಕಳೀತಾರೆ. ಅಷ್ಟು ಕಷ್ಟ ಬೇಡ ಕಣ್ರೀ, ಗಲ್ಲಿ ಅಂಗಡಿಗಳಲ್ಲೇ ಹೊಟ್ಟೆ ತುಂಬ ವೆಜ್ ಸಿಗತ್ತೆ, ಏನು ನೋಡ್ಬೇಕು ಹೇಗೆ ಕೇಳ್ಬೇಕು ಅನ್ನೋದು ಗೊತ್ತಿದ್ರೆ ಸಾಕು.

ಮೊದಲು ಬೋರ್ಡ್ ನೋಡಿ. ಸ್ವಸ್ತಿಕ ಇದ್ರೆ ಕಣ್ಮುಚ್ಚಿ ಒಳಗೆ ಹೋಗಿ, ಅದು ಬೌದ್ಧರ ವೆಜ್ ಹೋಟ್ಲು ಅಂತ ಗುರುತು. ಇನ್ನೊಂದು ಗುರುತು 'ಸು' ಅನ್ನೋ ಚೀನೀ ಅಕ್ಷರ, ಮೇಲೆ ಮೂರು ಅಡ್ಡಗೆರೆ, ಅದನ್ನ ಸೀಳೋ ಒಂದು ಉದ್ದಗೆರೆ, ಕೆಳಗೆ ದಾರ ಸುತ್ತಿದ ಹಾಗೆ ಇರತ್ತೆ, ಫೋನಲ್ಲಿ ಸೇವ್ ಮಾಡಿಟ್ಕೊಳ್ಳಿ. ಬಾಯಲ್ಲಿ ಹೇಳೋದಾದ್ರೆ 'ವೊ ಛ್ ಸು', ನಾನು ವೆಜ್ ಅಂತ, ಆ 'ಸು'ನ ಮೇಲಿಂದ ಕೆಳಗೆ ಬೀಳೋ ಥರ ಗಟ್ಟಿಯಾಗಿ ಹೇಳಿ. 'ದಾನ್ ಸು' ಅಂದ್ರೆ ಮೊಟ್ಟೆ ತಿನ್ನೋ ವೆಜ್ಜು. 'ಛ್ವಾನ್ ಸು' ಅಂದ್ರೆ ಹಾಲೂ ಇಲ್ಲ ಮೊಟ್ಟೆನೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಕೂಡ ಇಲ್ಲ! ನಮ್ಮ ಮನೆಗಳಲ್ಲಿ ಏಕಾದಶಿ, ಚಾತುರ್ಮಾಸ್ಯ ಅಂತ ಬಿಡ್ತೀವಲ್ಲ, ಇಲ್ಲಿ ದಿನಾ ಹಾಗೇ ತಿನ್ನೋ ಜನ ಇದಾರೆ. ಅಮ್ಮನ್ನ ಕರ್ಕೊಂಡು ಬರೋರಿಗೆ ಇದು ದೊಡ್ಡ ನೆಮ್ಮದಿ.

ವೆಜ್ ಬಫೆ ಅಂಗಡಿ ನನ್ನ ಫೇವರಿಟ್ಟು. ಡಬ್ಬಿ ಅಥವಾ ತಟ್ಟೆ ತಗೊಂಡು ಸೊಪ್ಪು, ತೋಫು (ಸೋಯಾ ಹಾಲಿನ ಪನೀರು), ಬದನೆಕಾಯಿ, ಅಣಬೆ ಏನು ಬೇಕೋ ಹಾಕ್ಕೊಳ್ಳಿ, ಎಷ್ಟೋ ಕಡೆ ತೂಕ ಮಾಡಿ ದುಡ್ಡು ಹೇಳ್ತಾರೆ, ಅನ್ನ ಬೇರೆ. ಮೀನು ಮಾಂಸದ ಥರ ಕಾಣೋ ತುಂಡು ನೋಡಿ ಓಡ್ಬೇಡಿ, ಸೋಯಾದಲ್ಲೋ ಅಣಬೆಯಲ್ಲೋ ಮಾಡಿರ್ತಾರೆ. ಮಧ್ಯಾಹ್ನ 2 ಗಂಟೆ ಮೇಲೆ ಎಷ್ಟೋ ಅಂಗಡಿ ಮುಚ್ಚಿ ಸಂಜೆನೇ ತೆಗೆಯೋದು, ಬೇಗ ಹೋಗಿ.

ಮಾಮೂಲಿ ನೂಡಲ್ಸ್ ಅಂಗಡೀಲಿ ಮೇಜಿನ ಮೇಲೆ ಐಟಂ ಲಿಸ್ಟಿರೋ ಚೀಟಿ, ಪೆನ್ಸಿಲ್ ಇರತ್ತೆ, ಬೇಕಾದ್ದರ ಮುಂದೆ ಎಷ್ಟು ಅಂತ ಬರೆದು, ಟೇಬಲ್ ನಂಬರ್ ಹಾಕಿ ಕೌಂಟರಿಗೆ ಕೊಡೋದು. 'ನೇಯ್ ಯೋಂಗ್' ಅಂದ್ರೆ ಇಲ್ಲೇ ತಿನ್ನೋದು, 'ವಾಯ್ ದಾಯ್' ಅಂದ್ರೆ ಪಾರ್ಸಲ್. ಟಿಪ್ಸ್ ಕೊಡೋ ಪದ್ಧತಿ ಇಲ್ಲ, ಚಿಲ್ಲರೆ ಕ್ಯಾಶ್ ಇಟ್ಕೊಂಡಿರಿ. ಆದ್ರೆ ಇಲ್ಲೊಂದು ವಿಷ್ಯ ಹುಷಾರು. ನಾನು ಬರೀ ಬೇಯಿಸಿದ ಸೊಪ್ಪು ತಾನೇ ಅಂತ ಆರ್ಡರ್ ಮಾಡಿದ್ದೆ, ಮೇಲೆ ಹಂದಿ ಮಾಂಸದ ಗೊಜ್ಜು ಸುರಿದು ತಂದಿಟ್ರು, ಅವತ್ತು ತುಂಬಾ ಬೇಜಾರಾಯ್ತು. ಅದಕ್ಕೆ 'ಬೂ ಯಾವ್ ರೋ ಝಾವ್', ಮಾಂಸದ ಗೊಜ್ಜು ಬೇಡ ಅಂತ ಮೊದಲೇ ಹೇಳಿ. ಆದ್ರೂ ಹಂದಿ ಕೊಬ್ಬಿನ ಎಣ್ಣೆ, ಮೂಳೆ ಸಾರು ಬಳಸೋ ಸಾಧ್ಯತೆ ಇದ್ದೇ ಇರತ್ತೆ, ಕಟ್ಟುನಿಟ್ಟಿನವ್ರು ಸ್ವಸ್ತಿಕದ ಅಂಗಡಿಗೇ ಹೋಗೋದು ಒಳ್ಳೇದು.

ಬೆಳಿಗ್ಗೆ ತಿಂಡಿಗೆ ಸಿಹಿ ಸೋಯಾ ಹಾಲು, ಜೊತೆಗೆ ಹಿಟ್ಟನ್ನ ಉದ್ದುದ್ದ ಕರಿದ ಯೋತ್ಯಾವ್, ಬಿಸಿಬಿಸಿ ಅದ್ಕೊಂಡು ತಿನ್ನಿ. ಉಪ್ಪಿನ ಸೋಯಾ ಹಾಲಲ್ಲಿ ಸಾಮಾನ್ಯವಾಗಿ ಒಣ ಸಿಗಡಿ ಇರತ್ತೆ, ಅನ್ನದ ಉಂಡೆ ಫಾನ್ ತ್ವಾನಲ್ಲಿ ಹಂದಿ ಮಾಂಸದ ಪುಡಿ, ಎರಡನ್ನೂ ತಗೊಳ್ಳೋ ಮುಂಚೆ ಒಳಗೇನಿದೆ ಅಂತ ಕೇಳ್ಕೊಳ್ಳಿ.

ಸಂಜೆ ರಾವ್‌ಹೆ ನೈಟ್ ಮಾರ್ಕೆಟ್ಟಿಗೆ ಹೋಗಿ, ಸೊಂಗ್‌ಶಾನ್ ಸ್ಟೇಷನ್ ಪಕ್ಕದಲ್ಲೇ ಇದೆ. ಗೆಣಸಿನ ಉಂಡೆ ಕರೀತಾ ಎಣ್ಣೇಲಿ ಒತ್ತಿ ಒತ್ತಿ ಬಲೂನಿನ ಥರ ಉಬ್ಬಿಸ್ತಾರೆ, ಅದು ಬೇಕೇ ಬೇಕು. ಸ್ಟಿಂಕಿ ತೋಫು, ಅಂದ್ರೆ ಹುದುಗಿಸಿದ ನಾತದ ತೋಫು, ವೆಜ್ ಥರ ಕಂಡ್ರೂ ಅದನ್ನ ನೆನೆಸೋ ನೀರಲ್ಲಿ ಸಿಗಡಿ ಗಿಗಡಿ ಹಾಕಿರ್ಬಹುದು, ವಿಚಾರಿಸಿ. ಆಮೇಲೆ ಶೇಂಗಾ ಐಸ್‌ಕ್ರೀಮ್ ರೋಲು: ಇಟ್ಟಿಗೆ ಗಾತ್ರದ ಕಡ್ಲೆಕಾಯಿ ಚಿಕ್ಕೀನ ಬಡಗಿ ಹತ್ರಿ ಹೊಡೆದ ಹಾಗೆ ತುರಿದು, ಹಿಟ್ಟಿನ ತೆಳ್ಳನೆ ಹಾಳೆ ಮೇಲೆ ಹರಡಿ, ಐಸ್‌ಕ್ರೀಮಿಟ್ಟು, ಕೊತ್ತಂಬರಿ ಸೊಪ್ಪು ಹಾಕಿ ಸುತ್ತಿ ಕೊಡ್ತಾರೆ. ಕೊತ್ತಂಬರಿ ಬೇಡ ಅನ್ಬೇಡಿ, ಅದೇ ರುಚಿ.

ಬಬಲ್ ಟೀ (ಸಬ್ಬಕ್ಕಿ ಥರದ ಗೋಲಿ ಹಾಕಿದ ಟೀ) ತಗೊಂಡ್ರೆ 'ವೇ ಥಾಂಗ್' ಅಂದ್ರೆ ಸಕ್ಕರೆ ಸ್ವಲ್ಪ, 'ಛ್ಯು ಬಿಂಗ್' ಅಂದ್ರೆ ಐಸ್ ಬೇಡ. ಕುಡೀತಾ ಮೆಟ್ರೋ ಗೇಟ್ ಮಾತ್ರ ದಾಟ್ಬೇಡಿ, ಒಳಗೆ ನೀರು ಕುಡಿದ್ರೂ ತಪ್ಪು, 7,500 ತೈವಾನ್ ಡಾಲರ್‌ವರೆಗೂ ದಂಡ ಹಾಕ್ತಾರೆ.