ಹೊಗೆಸೊಪ್ಪಿನ ಬ್ಯಾರನ್ ಮನೆಯಾಯಿತು

ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಸುತ್ತಮುತ್ತ ಹೊಗೆಸೊಪ್ಪು ಬಿಟ್ಟು ಶುಂಠಿ, ಜೋಳಕ್ಕೆ ತಿರುಗಿದ ರೈತರು ನನ್ನನ್ನು ಕರೆಸಿ ಮೊದಲು ಕೇಳುವುದು ಬ್ಯಾರನ್, ಅಂದರೆ ಸೊಪ್ಪನ್ನು ಒಲೆಯ ಶಾಖದಲ್ಲಿ ಒಣಗಿಸಿ ಹದ ಮಾಡುತ್ತಿದ್ದ ಕಟ್ಟಡ, ಕೆಡವಲು ಎಷ್ಟಾಗುತ್ತದೆ ಎಂದು. ಕಟ್ಟಡದ ಗುತ್ತಿಗೆ ಮಾಡುವ ನಾನು ಕೆಡವಬೇಡಿ ಎನ್ನುತ್ತೇನೆ. ಪಾಯ, ಗೋಡೆ ಎರಡೂ ನಿಂತಿವೆ. ಹೊಸ ಮನೆಯಲ್ಲಿ ಹಣ ನುಂಗುವುದು ಅವೇ.

ನಾನು ಮನೆಯಾಗಿ ಬದಲಾಯಿಸಿದ ಬ್ಯಾರನ್ ಒಳಗೆ 16 ಅಡಿ ಚೌಕ, ಎತ್ತರ 18 ಅಡಿ, ಒಂದೂವರೆ ಅಡಿ ದಪ್ಪದ ಮಣ್ಣಿನ ಇಟ್ಟಿಗೆ ಗೋಡೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು. 256 ಚದರ ಅಡಿ ಅವರಿಗೆ ಸಾಲದು, ಆದರೆ ಆ ಎತ್ತರದಲ್ಲಿ ಅಟ್ಟ ಹಾಕಿದರೆ ಮಲಗುವ ಜಾಗ ಸಿಕ್ಕಿಯೇ ಸಿಗುತ್ತದೆ. ಸೊಪ್ಪಿನ ಕಡ್ಡಿಗಳನ್ನು ತೂಗುಹಾಕುತ್ತಿದ್ದ ಗಳಗಳ ಮೇಲೆಯೇ ಹಲಗೆ ಹಾಸೋಣ ಎಂದು ಮನೆಯವರು ಹೇಳಿದರು. ನಾನು ಒಪ್ಪಲಿಲ್ಲ. ಸೊಪ್ಪಿನ ಭಾರ ಬೇರೆ, ಸಂಸಾರದ ಭಾರ ಬೇರೆ. ನಾಲ್ಕು ಮೂಲೆಗೆ ಪ್ರತ್ಯೇಕ ಪಾಯದ ಕಬ್ಬಿಣದ ಕಂಬ ನಿಲ್ಲಿಸಿ, ಅಟ್ಟದ ಭಾರವನ್ನೆಲ್ಲ ಅವುಗಳ ಮೇಲೆ ಹಾಕಿದೆ.

ನಿಜವಾದ ಕೆಲಸ ಕಿಟಕಿಯದು. ಒಲೆಯ ಶಾಖ ಹೊರಹೋಗದಂತೆ ಕಟ್ಟಿದ ಗೋಡೆ, ಬೆಳಕಿಗೆ ದಾರಿಯೇ ಇಲ್ಲ. 'ಅಣ್ಣಾ, ಕೊರೆದರೆ ಗೋಡೆ ಕುಸಿಯುವುದಿಲ್ಲವೇ?' ಎಂದು ಮನೆಯಾಕೆ ಹೆದರಿದ್ದು ಸರಿಯಾಗಿಯೇ ಇತ್ತು. ಮೊದಲು ಲಿಂಟಲ್ (ಕಿಟಕಿಯ ಮೇಲಿನ ಗೋಡೆಯ ಭಾರ ಹೊರುವ ಅಡ್ಡತೊಲೆ), ಆಮೇಲೆ ಕಿಂಡಿ. ಹೊರಗಿನಿಂದ ಗೋಡೆಯ ಅರ್ಧ ದಪ್ಪಕ್ಕೆ ಮಾತ್ರ ಉಳಿಯಲ್ಲಿ ಕೊರೆದು ಒಂದು ಲಿಂಟಲ್ ಕೂರಿಸಿ, ಸಂದುಗಳನ್ನು ಗಾರೆಯಿಂದ ಬಿಗಿಯಾಗಿ ತುಂಬಿ, ಅದು ಗಟ್ಟಿಯಾದ ಮೇಲೆ ಒಳಗಿನಿಂದ ಇನ್ನೊಂದು. ಎರಡೂ ಭಾರ ಹೊತ್ತ ಮೇಲೆಯೇ ಕೆಳಗಿನ ಇಟ್ಟಿಗೆ ತೆಗೆಸಿದ್ದು. ಲಿಂಟಲ್‌ಗಳನ್ನು ಅಂಗಳದಲ್ಲೇ ಎರಕ ಹೊಯ್ದು ತಂದೆವು. ಗೋಡೆಯ ಮೇಲೆಯೇ ಹೊಯ್ದು ದಿನವೂ ನೀರುಣಿಸಿದರೆ ಮಣ್ಣಿನ ಇಟ್ಟಿಗೆ ಕರಗುತ್ತದೆ. ಒಮ್ಮೆಗೆ ಒಂದೇ ಗೋಡೆ, ಮೂಲೆಯಿಂದ ಎರಡು ಅಡಿಯೊಳಗೆ ಕಿಟಕಿಯಿಲ್ಲ. ಬ್ರೇಕರ್ ಯಂತ್ರವನ್ನು ಹತ್ತಿರಕ್ಕೂ ಬಿಡಲಿಲ್ಲ. ಅದರ ನಡುಕಕ್ಕೆ ಇಡೀ ಗೋಡೆ ಸಡಿಲವಾಗುತ್ತದೆ.

ಸೊಪ್ಪಿನ ಘಾಟು ಗಿಲಾವಿನೊಳಗೇ ಕೂತಿರುತ್ತದೆ, ಸುಣ್ಣ ಬಳಿದರೆ ಹೋಗುವುದಿಲ್ಲ. ಆಳುಗಳಿಗೆ ಮುಖಗವಸು, ಕೈಗವಸು ಕೊಟ್ಟು ಹಳೆಯ ಗಿಲಾವನ್ನು ಪೂರ್ತಿ ಕೆರೆಸಿದೆ. ನೆಲದ ಬೂದಿ, ಕರಿಮಣ್ಣನ್ನೂ ಅಗೆಸಿ ಹೊರಹಾಕಿದೆ. ಹೊಸ ಗಿಲಾವು ಮಣ್ಣು ಮತ್ತು ಸುಣ್ಣದ್ದು. ಇಲ್ಲಿ ಸಿಮೆಂಟ್ ಬೇಡವೆಂದು ನಾನು ಹಟ ಹಿಡಿಯುತ್ತೇನೆ. ಮಣ್ಣಿನ ಗೋಡೆಯ ತೇವ ಸಿಮೆಂಟಿನ ಹಿಂದೆ ಸಿಕ್ಕಿಬಿದ್ದು, ಕೆಲವು ಮಳೆಗಾಲಗಳಲ್ಲಿ ಗಿಲಾವು ಚಕ್ಕೆಚಕ್ಕೆಯಾಗಿ ಉದುರುತ್ತದೆ. ಮಳೆ ಹೊಡೆತ ತಡೆಯಲು ಚಾವಣಿಯ ಸೂರನ್ನು ಎರಡೂವರೆ ಅಡಿ ಹೊರಚಾಚಿಸಿದೆ.

ನೆತ್ತಿಯ ಗಾಳಿಕಿಂಡಿಗಳನ್ನು ಮುಚ್ಚದೆ ಜಾಲರಿ ಹೊಡೆದೆ, ಬಿಸಿಗಾಳಿ ಅಲ್ಲಿಂದ ಹೋಗುತ್ತದೆ. ಒಲೆಬಾಯಿ ಮುಚ್ಚಿ, ಸೌದೆ ಹಾಕುತ್ತಿದ್ದ ಚಪ್ಪರದ ಜಾಗದಲ್ಲಿ ಅಡುಗೆಮನೆ, ಬಚ್ಚಲು ಕಟ್ಟಿದೆ. ಒಲೆಯ ಶಾಖವನ್ನು ಒಳಗೆ ಹರಡುತ್ತಿದ್ದ ಕೊಳವೆಗಳು ಗುಜರಿಗೆ ಹೋದವು.

ಕಾಗದಪತ್ರ ಮೊದಲೇ ಆಗಬೇಕು. ಬ್ಯಾರನ್ ಲೈಸೆನ್ಸ್ ಇದ್ದರೆ ತಂಬಾಕು ಮಂಡಳಿಯಲ್ಲಿ ಇತ್ಯರ್ಥ ಮಾಡಿಕೊಳ್ಳಿ. ಕೃಷಿ ಜಮೀನಿನಲ್ಲಿ ವಾಸದ ಮನೆಗೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ (ಭೂ ಪರಿವರ್ತನೆಯದು) ಅನ್ವಯಿಸುತ್ತದೆ, ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ.

ಎಲ್ಲ ಬ್ಯಾರನ್ನೂ ಮನೆಯಾಗುವುದಿಲ್ಲ. ಒಲೆಯ ಮಗ್ಗುಲಲ್ಲಿ ಗೋಡೆಯ ಈ ಮುಖದಿಂದ ಆ ಮುಖಕ್ಕೆ ಓರೆಯಾಗಿ ಬಿರುಕು ಹಾಯ್ದಿದ್ದರೆ, ತೂಗುಗುಂಡು ಇಳಿಬಿಟ್ಟಾಗ ಗೋಡೆ ವಾಲಿರುವುದು ಕಂಡರೆ, ಆ ಕೆಲಸವನ್ನು ನಾನು ಒಪ್ಪಿಕೊಳ್ಳುವುದಿಲ್ಲ.