ಕಾರ್ಖಾನೆಯ ಬಣ್ಣ ಮಾಸದಂತೆ: ಮಸಲ್ ಕಾರುಗಳನ್ನು ಇದ್ದಂತೆಯೇ ಉಳಿಸಿಕೊಂಡ ನನ್ನ ಅನುಭವ

ಹಳೆಯ ಅಮೆರಿಕನ್ ಮಸಲ್ ಕಾರುಗಳನ್ನು, ಅಂದರೆ ಸಾಧಾರಣ ಗಾತ್ರದ ಮೈಗೆ ದೊಡ್ಡ, ಬಲವಾದ ಎಂಜಿನ್ ಕೂರಿಸಿದ ಕಾರುಗಳನ್ನು ಸಂಗ್ರಹಿಸುವವರಲ್ಲಿ ಬಹುಪಾಲು ಜನ ಕಾರನ್ನು ಪೂರ್ತಿ ಬಿಚ್ಚಿ, ಬರಿಯ ತಗಡು ಕಾಣುವವರೆಗೆ ಹಳೆಯ ಬಣ್ಣವನ್ನು ಕೆರೆದು ತೆಗೆದು, ಹೊಸ ಬಣ್ಣ, ಹೊಸ ಕ್ರೋಮ್, ಹೊಸ ಸೀಟುಗಳೊಂದಿಗೆ ಮತ್ತೆ ಜೋಡಿಸಿ ಪ್ರದರ್ಶನಕ್ಕೆ ಇಡುತ್ತಾರೆ. ನಾನು ಹುಡುಕುವುದು ಆ ಕೆಲಸಕ್ಕೆ ಇನ್ನೂ ಒಳಗಾಗದ ಕಾರುಗಳನ್ನು. ಕಾರ್ಖಾನೆಯಲ್ಲಿ ಬಳಿದ ಬಣ್ಣವೇ ಮೈಮೇಲಿರಬೇಕು, ಅಲ್ಲಿ ಕೂರಿಸಿದ ಎಂಜಿನ್ನೇ ಬಾನೆಟ್ಟಿನ ಕೆಳಗಿರಬೇಕು, ಮೊದಲ ಒಡೆಯ ಕುಳಿತ ಸೀಟೇ ಒಳಗಿರಬೇಕು. ಬಣ್ಣ ಮಂಕಾಗಿದ್ದರೂ, ಸೀಟಿನ ಹೊಲಿಗೆ ಬಿಟ್ಟಿದ್ದರೂ ನನಗೆ ಅಡ್ಡಿಯಿಲ್ಲ. ಅಮೆರಿಕದಲ್ಲಿ ಇಂಥ ಕಾರನ್ನು ‘ಸರ್ವೈವರ್’ ಎಂದು ಕರೆಯುತ್ತಾರೆ. ಕರ್ನಾಟಕದಿಂದ ಎಂಜಿನಿಯರ್ ಕೆಲಸಕ್ಕೆಂದು ಮಿಷಿಗನ್‌ಗೆ ಬಂದ ನಾನು, ಡೆಟ್ರಾಯಿಟ್‌ನಿಂದ ಪಾಂಟಿಯಾಕ್ ಊರಿನವರೆಗೆ ಸಾಗುವ ವುಡ್‌ವರ್ಡ್ ಅವೆನ್ಯೂ ರಸ್ತೆಗೆ ಸಮೀಪದಲ್ಲೇ ಮನೆ ಮಾಡಿದ್ದರಿಂದ ಈ ಕಾರುಗಳ ಸಹವಾಸ ಸಹಜವಾಗಿಯೇ ಒದಗಿತು. ಅರವತ್ತರ ದಶಕದಲ್ಲಿ ಈ ರಸ್ತೆಯಲ್ಲೇ ಯುವಕರು ರಾತ್ರಿ ಹೊತ್ತು ಸಿಗ್ನಲ್‌ನಿಂದ ಸಿಗ್ನಲ್‌ಗೆ ಪಂದ್ಯ ಕಟ್ಟುತ್ತಿದ್ದರು. 1995ರಲ್ಲಿ ಆರಂಭವಾದ ಡ್ರೀಮ್ ಕ್ರೂಸ್ ಮೆರವಣಿಗೆಗೆ ಆಗಸ್ಟ್ ತಿಂಗಳಲ್ಲಿ ಆ ಕಾಲದ ಕಾರುಗಳು ಮತ್ತೆ ಇಲ್ಲಿಗೆ ಬರುತ್ತವೆ.

ಹಾಗೆ ಬಿಚ್ಚಿ ಹೊಸದಾಗಿ ಜೋಡಿಸಿ ಪುನರುಜ್ಜೀವನಗೊಂಡ ಕಾರು ಸುಂದರವಾಗಿರುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರ ಮೈಮೇಲೆ ಕಾಣುವ ನುಣುಪು 1960ರ ದಶಕದ ಯಾವ ಕಾರ್ಖಾನೆಯಲ್ಲೂ ಇರಲಿಲ್ಲ. ಅಂದಿನ ಜೋಡಣೆಯ ಸಾಲಿನಲ್ಲಿ ಕಾರು ಮುಂದಕ್ಕೆ ಚಲಿಸುತ್ತಿದ್ದಂತೆಯೇ ಕೆಲಸಗಾರರು ತಮ್ಮ ಪಾಲಿನ ಕೆಲಸ ಮುಗಿಸಬೇಕಿತ್ತು. ಬಾಗಿಲಿನ ಸಂದು ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದಾಗಿರುತ್ತಿತ್ತು, ಮರೆಯ ಜಾಗಗಳಲ್ಲಿ ಬಣ್ಣ ಇಳಿದು ಗಟ್ಟಿಯಾಗುತ್ತಿತ್ತು, ಎಂಜಿನ್ನಿನ ಹಿಂದಿನ ತಗಡಿನ ಗೋಡೆಯ ಮೇಲೆ ತಪಾಸಣೆ ಮಾಡಿದವನು ಮೇಣದ ಬಳಪದಿಂದ ಬರೆದ ಗುರುತು ಹಾಗೆಯೇ ಉಳಿಯುತ್ತಿತ್ತು, ಯಾವ ಸ್ಪ್ರಿಂಗ್ ಯಾವ ಕಾರಿಗೆ ಎಂದು ತಿಳಿಯಲು ಹಚ್ಚಿದ ಬಣ್ಣದ ಚುಕ್ಕೆಗಳು ಅಡಿಯಲ್ಲಿ ಉಳಿದಿರುತ್ತಿದ್ದವು. ಇವೆಲ್ಲ ಆ ಕಾರನ್ನು ಕಟ್ಟಿದ ಕೈಗಳ ಗುರುತುಗಳು. ಶಾಸನದ ಕಲ್ಲನ್ನು ಉಜ್ಜಿ ನುಣುಪು ಮಾಡಿ, ಅಕ್ಷರಗಳನ್ನು ಹೊಸದಾಗಿ ಕೆತ್ತಿಸಿದರೆ ಎಷ್ಟು ನಷ್ಟವೋ, ಈ ಗುರುತುಗಳನ್ನು ಅಳಿಸುವುದೂ ನನ್ನ ಮಟ್ಟಿಗೆ ಅಷ್ಟೇ ನಷ್ಟ. ಹೊಸ ಬಣ್ಣವನ್ನು ಎಷ್ಟು ಸಲವಾದರೂ ಬಳಿಯಬಹುದು, ಮೊದಲ ಬಣ್ಣವನ್ನು ಮಾತ್ರ ಯಾರೂ ಮರಳಿಸಲಾರರು.

ನನ್ನ ಒಲವು ಮುಖ್ಯವಾಗಿ, ಜನರಲ್ ಮೋಟಾರ್ಸ್‌ನ ವಿಭಾಗವಾಗಿದ್ದ ಪಾಂಟಿಯಾಕ್ ತಯಾರಿಸಿದ ಜಿಟಿಓ ಕಾರಿನ ಕಡೆಗಿದೆ. ಮಧ್ಯಮ ಗಾತ್ರದ ಕಾರುಗಳಲ್ಲಿ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಕೂರಿಸಬಾರದೆಂಬ ನಿಯಮ ಜನರಲ್ ಮೋಟಾರ್ಸ್‌ನಲ್ಲಿದ್ದ ಕಾಲದಲ್ಲಿ, ಪಾಂಟಿಯಾಕ್‌ನ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಅವರ ಸಹೋದ್ಯೋಗಿಗಳು 389 ಘನ ಇಂಚಿನ ಎಂಜಿನ್ನನ್ನು ಟೆಂಪೆಸ್ಟ್ ಲಮಾನ್ ಕಾರಿಗೆ ‘ಹೆಚ್ಚುವರಿ ಆಯ್ಕೆ’ ಎಂಬ ಹೆಸರಿನಲ್ಲಿ ಸೇರಿಸಿ 1964ರ ಮಾದರಿಯಾಗಿ ಮಾರುಕಟ್ಟೆಗೆ ತಂದರು. ಮೊದಲ ವರ್ಷವೇ 32,450 ಕಾರುಗಳು ಮಾರಾಟವಾದವು. ಸಂಗ್ರಾಹಕನಿಗೆ ಈ ಚರಿತ್ರೆಯಿಂದ ಒಂದು ನೇರ ಪರಿಣಾಮವಿದೆ: 1964 ಮತ್ತು 1965ರ ಜಿಟಿಓಗಳ ಷಾಸಿ ನಂಬರ್ ಸಾಮಾನ್ಯ ಲಮಾನ್ ಕಾರಿನದರಂತೆಯೇ ಆರಂಭವಾಗುತ್ತದೆ (1965ರಲ್ಲಿ 237 ಎಂದು), ಆದ್ದರಿಂದ ಲಮಾನ್‌ಗೆ ಜಿಟಿಓ ಬ್ಯಾಡ್ಜ್ ಅಂಟಿಸಿ ಮಾರುವುದು ಸುಲಭ. 1966ರಿಂದ ಅದು ಪ್ರತ್ಯೇಕ ಮಾದರಿಯಾಗಿ 242 ಎಂಬ ಅಂಕಿಗಳನ್ನು ಪಡೆಯಿತು. 242379 ಎಂದು ಆರಂಭವಾಗುವ ನಂಬರ್ ಕಂಡರೆ ಅದು 1969ರ ಎರಡು ಬಾಗಿಲಿನ ಹಾರ್ಡ್‌ಟಾಪ್ (ಪಕ್ಕದ ಕಿಟಕಿಗಳ ನಡುವೆ ಕಂಬವಿಲ್ಲದ, ಗಟ್ಟಿ ಛಾವಣಿಯ) ಜಿಟಿಓ. ನಂತರದ ‘ಪಿ’ ಅಕ್ಷರ ಅದು ಪಾಂಟಿಯಾಕ್ ಊರಿನ ಕಾರ್ಖಾನೆಯಲ್ಲೇ ತಯಾರಾದುದನ್ನು ಹೇಳುತ್ತದೆ. ಯಾವ ಎಂಜಿನ್, ಯಾವ ಗೇರ್‌ಬಾಕ್ಸ್, ಯಾವ ಆಯ್ಕೆಗಳು ಎಂಬುದನ್ನು ಈ ನಂಬರ್ ಹೇಳುವುದಿಲ್ಲ. ಅದಕ್ಕೆ ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್ ಸಂಸ್ಥೆಯಿಂದ ಕಾರ್ಖಾನೆಯ ಬಿಲ್ಲಿನ ಪ್ರತಿಯನ್ನು ತರಿಸಿಕೊಳ್ಳಬೇಕು. ಆ ಕಾಗದ ಕೈಗೆ ಬಾರದೆ ಯಾವ ಪಾಂಟಿಯಾಕ್ ಕಾರಿಗೂ ನಾನು ಮುಂಗಡ ಕೊಡುವುದಿಲ್ಲ.

ನನ್ನಲ್ಲಿರುವ 1969ರ ಹಸಿರು ಜಿಟಿಓ ಸಿಕ್ಕಿದ್ದು ಹರಾಜಿನಲ್ಲಿ ಅಲ್ಲ. ಹಳೆಯ ಬಿಡಿಭಾಗಗಳ ಸಂತೆಯಲ್ಲಿ ಪರಿಚಯವಾದ, ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರು, ತಮ್ಮ ನೆರೆಮನೆಯವರ ಗ್ಯಾರೇಜಿನಲ್ಲಿ ವರ್ಷಗಳಿಂದ ಹೊದಿಕೆಯೊಳಗೆ ನಿಂತ ಕಾರಿನ ವಿಷಯ ಹೇಳಿದರು. ಮೊದಲ ಒಡೆಯರು ತೀರಿಕೊಂಡಿದ್ದರು, ಮಗಳು ಮನೆ ಖಾಲಿ ಮಾಡುತ್ತಿದ್ದರು. ಮಿಷಿಗನ್‌ನಲ್ಲಿ ಇಂಥ ಕಾರು ಉಳಿಯುವುದೇ ಅಪರೂಪ, ಏಕೆಂದರೆ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಕಾರಿನ ಅಡಿಯನ್ನು ತಿಂದುಹಾಕುತ್ತದೆ. ಆ ಉಪ್ಪಿಗೆ ಇಲ್ಲಿ ಬರವೂ ಇಲ್ಲ, ಡೆಟ್ರಾಯಿಟ್ ನಗರದ ಅಡಿಯಲ್ಲೇ ದೊಡ್ಡ ಉಪ್ಪಿನ ಗಣಿಯಿದೆ. ಈ ಒಡೆಯರು ಮೊದಲ ಹಿಮ ಬೀಳುವ ಮುನ್ನವೇ ಕಾರನ್ನು ಒಳಗಿಟ್ಟು ವಸಂತದ ಮಳೆ ರಸ್ತೆ ತೊಳೆದ ಮೇಲೆಯೇ ಹೊರತೆಗೆಯುತ್ತಿದ್ದರಂತೆ. ಆ ಶಿಸ್ತೇ ಕಾರನ್ನು ಉಳಿಸಿತ್ತು.

ಮಾತನ್ನು ನಂಬಿದರೂ ಪರೀಕ್ಷೆಯನ್ನು ಬಿಡಬಾರದು ಎಂಬುದು ನನ್ನ ಪದ್ಧತಿ. ಮೊದಲು ನೋಡುವುದು ಮುಂಗಾಜಿನ ಮೂಲಕ ಕಾಣುವ ಷಾಸಿ ನಂಬರಿನ ಪಟ್ಟಿಯನ್ನು ಮತ್ತು ಅದನ್ನು ಹಿಡಿದಿರುವ ಹೂವಿನ ಆಕಾರದ ರಿವೆಟ್‌ಗಳನ್ನು. ರಿವೆಟ್ ಬೇರೆ ಬಗೆಯದಾಗಿದ್ದರೆ ಅಥವಾ ಸುತ್ತ ಗೀರುಗಳಿದ್ದರೆ ಅಲ್ಲಿಗೆ ಮಾತು ಮುಗಿಯಿತು. ಆಮೇಲೆ ಎಂಜಿನ್ ಬ್ಲಾಕಿನ ಮುಂಭಾಗದಲ್ಲಿ ಒತ್ತಿರುವ ಎರಡಕ್ಷರದ ಸಂಕೇತವನ್ನು ನೋಡಬೇಕು. 1969ರ 350 ಅಶ್ವಶಕ್ತಿಯ ಎಂಜಿನ್ ಆಟೋಮ್ಯಾಟಿಕ್ ಗೇರಿನೊಂದಿಗೆ ಬಂದಿದ್ದರೆ ಅಲ್ಲಿ ‘ವೈಎಸ್’ ಎಂದಿರುತ್ತದೆ. 1968ರಿಂದ ಈಚೆಗೆ ಷಾಸಿ ನಂಬರಿನ ಭಾಗವೂ ಬ್ಲಾಕಿನ ಮೇಲೆ ಒತ್ತಲ್ಪಟ್ಟಿರುವುದರಿಂದ ಎಂಜಿನ್ ಇದೇ ಕಾರಿನದೋ ಅಲ್ಲವೋ ಎಂಬ ಪ್ರಶ್ನೆಗೆ ಉತ್ತರ ಅಲ್ಲಿಯೇ ಸಿಗುತ್ತದೆ. ಎರಕದ ಭಾಗಗಳ ಮೇಲೆ ದಿನಾಂಕವೂ ಇರುತ್ತದೆ: ತಿಂಗಳಿಗೆ ‘ಎ’ಯಿಂದ ‘ಎಲ್’ವರೆಗೆ ಒಂದು ಅಕ್ಷರ, ನಂತರ ತಾರೀಖು, ಕೊನೆಗೆ ವರ್ಷದ ಒಂದೇ ಅಂಕಿ. ‘ಸಿ 12 9’ ಎಂದರೆ 1969ರ ಮಾರ್ಚ್ 12. ಸ್ಪಾರ್ಕ್ ಪ್ಲಗ್ಗಿನ ತಂತಿಗಳ ಮೇಲೆ ಯಾವ ವರ್ಷದ ಯಾವ ತ್ರೈಮಾಸಿಕ ಎಂಬುದು ಅಚ್ಚಾಗಿರುತ್ತದೆ, ಕಿಟಕಿ ಗಾಜುಗಳ ಮೂಲೆಯಲ್ಲಿ ಎರಡಕ್ಷರದ ಸಂಕೇತವಿರುತ್ತದೆ, ಸೀಟ್ ಬೆಲ್ಟಿನ ಲೇಬಲ್ಲಿನಲ್ಲೂ ದಿನಾಂಕವಿರುತ್ತದೆ. ಇವೆಲ್ಲವೂ ಕಾರು ಜೋಡಣೆಯಾದ ವಾರಕ್ಕಿಂತ ತುಸು ಹಿಂದಿನವಾಗಿರಬೇಕು. ಒಂದೇ ಒಂದು ಭಾಗದ ದಿನಾಂಕ ಆಮೇಲಿನದಾಗಿದ್ದರೂ ಅದು ನಂತರ ಬಂದು ಸೇರಿದ ಭಾಗ ಎಂದೇ ಅರ್ಥ.

ಬಣ್ಣದ ಪರೀಕ್ಷೆಗೆ ನಾನು ಹೆಚ್ಚು ಹೊತ್ತು ಕೊಡುತ್ತೇನೆ. ಆ ಕಾಲದಲ್ಲಿ ಜನರಲ್ ಮೋಟಾರ್ಸ್ ಬಳಸುತ್ತಿದ್ದುದು ಅಕ್ರಿಲಿಕ್ ಲ್ಯಾಕರ್, ಫೋರ್ಡ್ ಮತ್ತು ಕ್ರೈಸ್ಲರ್ ಬಳಸುತ್ತಿದ್ದುದು ಎನಾಮೆಲ್. ಲ್ಯಾಕರ್ ತೆಳುವಾದದ್ದು, ಅದರ ಮೇಲೆ ಇಂದಿನ ಕಾರುಗಳಂತೆ ಪಾರದರ್ಶಕ ಪದರವಿಲ್ಲ, ಚಳಿ ಮತ್ತು ಬಿಸಿಲಿಗೆ ಅದು ಕೂದಲೆಳೆಯಷ್ಟು ಸಣ್ಣದಾಗಿ ಬಿರಿಯುತ್ತದೆ. ಬಣ್ಣದ ದಪ್ಪ ಅಳೆಯುವ ಮೀಟರನ್ನು ಕಾರಿನ ಉದ್ದಕ್ಕೂ ಇಟ್ಟು ನೋಡುತ್ತ ಹೋದರೆ, ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 75ರಿಂದ 150 ಮೈಕ್ರಾನ್ ಒಳಗೇ ಇರುತ್ತದೆ. ಒಂದು ಫೆಂಡರಿನಲ್ಲಿ (ಚಕ್ರದ ಮೇಲಿನ ತಗಡಿನಲ್ಲಿ) ಮಾತ್ರ ಅದು ದುಪ್ಪಟ್ಟಾದರೆ ಅಲ್ಲಿ ಮರುಬಣ್ಣವಿದೆ, ಇನ್ನೂ ಬಹಳ ಹೆಚ್ಚಾದರೆ ಒಳಗೆ ಪುಟ್ಟಿಯಿದೆ. ನನ್ನ ಜಿಟಿಓದಲ್ಲಿ ನನಗೆ ಧೈರ್ಯ ಕೊಟ್ಟ ಸಂಗತಿ ಬೇರೆಯೇ. 1968ರಿಂದ ಜಿಟಿಓದ ಮುಂಭಾಗದ ಬಂಪರ್ ಎಂಡ್ಯೂರಾ ಎಂಬ ಮೆತುವಾದ ವಸ್ತುವಿನದು, ಅದಕ್ಕೂ ಕಾರಿನದೇ ಬಣ್ಣ. ವಸ್ತು ಬೇರೆಯಾದ್ದರಿಂದ ವರ್ಷಗಳು ಕಳೆದಂತೆ ಬಂಪರಿನ ಹಸಿರು ಒಂದು ಛಾಯೆಗೆ, ಬಾನೆಟ್ಟಿನ ಹಸಿರು ಇನ್ನೊಂದು ಛಾಯೆಗೆ ತಿರುಗುತ್ತದೆ. ಈ ಕಾರಿನಲ್ಲಿ ಆ ವ್ಯತ್ಯಾಸ ಸ್ಪಷ್ಟವಾಗಿತ್ತು. ಎರಡೂ ಒಂದೇ ಬಣ್ಣವಾಗಿ ಹೊಳೆಯುತ್ತಿದ್ದಿದ್ದರೆ ನಾನು ಸಂಶಯದಿಂದಲೇ ಹಿಂತಿರುಗುತ್ತಿದ್ದೆ.

ಓಡಿದ ಮೈಲಿಯ ಲೆಕ್ಕವನ್ನು ಮೀಟರಿನಿಂದ ತಿಳಿಯಲಾಗದು, ಆ ಕಾಲದ ಮೀಟರಿಗೆ ಐದೇ ಅಂಕಿ. 99,999 ದಾಟಿದರೆ ಮತ್ತೆ ಸೊನ್ನೆ. ಬ್ರೇಕ್ ಪೆಡಲಿನ ರಬ್ಬರ್ ಎಷ್ಟು ಸವೆದಿದೆ, ಬಾಗಿಲನ್ನು ಮೇಲೆತ್ತಿದರೆ ಕೀಲು ಅಲುಗುತ್ತದೆಯೇ, ಡಿಕ್ಕಿಯೊಳಗಿನ ಸ್ಟೆಪ್ನಿ ಟೈರು ಎಂದಾದರೂ ರಸ್ತೆ ಮುಟ್ಟಿದೆಯೇ ಎಂಬುದನ್ನು ನೋಡಿದರೆ ಸತ್ಯ ತಿಳಿಯುತ್ತದೆ. ತುಕ್ಕಿಗೆ ಹಿಂಗಾಜಿನ ಕೆಳಮೂಲೆಗಳು, ಡಿಕ್ಕಿಯ ನೆಲ, ಹಿಂಚಕ್ರದ ಹಿಂದಿನ ತಗಡು ಇವನ್ನು ನೋಡಬೇಕು. ವಿನೈಲ್ ಹೊದಿಸಿದ ಛಾವಣಿಯ ಕಾರನ್ನು ನಾನು ಸಾಮಾನ್ಯವಾಗಿ ಬಿಟ್ಟುಬಿಡುತ್ತೇನೆ, ಏಕೆಂದರೆ ಹೊದಿಕೆಯ ಅಡಿಯಲ್ಲಿ ತೇವ ಹಿಡಿದ ತಗಡಿನ ಸ್ಥಿತಿಯನ್ನು ಕೀಳದೆ ತಿಳಿಯಲಾಗದು, ಕಿತ್ತರೆ ಅದು ಇದ್ದಂತೆಯೇ ಉಳಿದ ಕಾರಾಗಿರುವುದಿಲ್ಲ.

ಬೇರೆ ಕಂಪನಿಗಳ ಕಾರುಗಳಿಗೆ ಬೇರೆ ದಾಖಲೆಗಳಿವೆ. ಕ್ರೈಸ್ಲರ್ ಕಾರುಗಳ ಷಾಸಿ ನಂಬರಿನಲ್ಲೇ ಎಂಜಿನ್ನಿನ ಅಕ್ಷರ ಸೇರಿರುತ್ತದೆ. 1968ರ ಪ್ಲಿಮತ್ ರೋಡ್ ರನ್ನರ್‌ನಲ್ಲಿ ‘ಎಚ್’ ಇದ್ದರೆ 383 ಘನ ಇಂಚಿನದು, ‘ಜೆ’ ಇದ್ದರೆ 426 ಘನ ಇಂಚಿನ ‘ಹೆಮಿ’ ಎಂಜಿನ್. ಜೊತೆಗೆ, ಜೋಡಣೆಯ ಸಾಲಿನ ಆದೇಶದ ಹಾಳೆ ಹಿಂದಿನ ಸೀಟಿನ ಸ್ಪ್ರಿಂಗುಗಳ ನಡುವೆ ಮಡಚಿಕೊಂಡು ಉಳಿದಿರುವ ಸಂಭವವಿದೆ. ಫೋರ್ಡ್ ಕಾರುಗಳಿಗೆ 1967ರಿಂದ ಈಚಿನ ದಾಖಲೆಯನ್ನು ಕಂಪನಿಯ ತಯಾರಿಕಾ ದಾಖಲೆಗಳಿಂದ ಸಿದ್ಧಪಡಿಸುವ ಮಾರ್ಟಿ ರಿಪೋರ್ಟ್ ಎಂಬ ವರದಿಯ ಮೂಲಕ ಪಡೆಯಬಹುದು. ಷೆವ್ರೊಲೆ ಕಾರುಗಳದ್ದೇ ಕಷ್ಟ: 1969ರಿಂದ ಶೆವೆಲ್ ಕಾರಿನ ಬಲಶಾಲಿ ರೂಪವಾದ ಎಸ್‌ಎಸ್ ಎಂಬುದು ಷಾಸಿ ನಂಬರಿನಲ್ಲಿ ಕಾಣದ ಬರಿಯ ಆಯ್ಕೆಯಾಯಿತು, ಆದ್ದರಿಂದ ಪೆಟ್ರೋಲ್ ಟ್ಯಾಂಕಿನ ಮೇಲೆ ಅಂಟಿಕೊಂಡ ಹಾಳೆಯೋ, ವಾರಂಟಿಯ ಲೋಹದ ಕಾರ್ಡೋ ಸಿಗದಿದ್ದರೆ 450 ಅಶ್ವಶಕ್ತಿಯ ಎಲ್‌ಎಸ್6 ಎಂಜಿನ್ನಿನ 1970ರ ಶೆವೆಲ್ ಎಂದು ಹೇಳಿ ಮಾರುವ ಕಾರಿಗೆ ನಾನು ಕೈ ಹಾಕುವುದಿಲ್ಲ.

ಕಾರು ಮನೆಗೆ ಬಂದ ಮೇಲೆ ಅದನ್ನು ಎಬ್ಬಿಸುವ ಕೆಲಸ. ಬಹಳ ಕಾಲ ನಿಂತ ಎಂಜಿನ್ನಿಗೆ ಬ್ಯಾಟರಿ ಜೋಡಿಸಿ ಕೀಲಿ ತಿರುಗಿಸಿದರೆ ಅನಾಹುತವಾಗಬಹುದು. ಪ್ಲಗ್ಗುಗಳನ್ನು ತೆಗೆದು ಸಿಲಿಂಡರಿಗೆ ತೆಳು ಎಣ್ಣೆ ಬಿಟ್ಟು, ದಿನಗಟ್ಟಲೆ ನೆನೆಯಲು ಬಿಟ್ಟು, ಆಮೇಲೆ ಕೈಯಿಂದಲೇ ಕ್ರ್ಯಾಂಕನ್ನು ನಿಧಾನವಾಗಿ ತಿರುಗಿಸಿದೆ. ಟ್ಯಾಂಕಿನಲ್ಲಿ ಅಂಟಾಗಿದ್ದ ಹಳೆಯ ಪೆಟ್ರೋಲನ್ನು ತೆಗೆಸಿದೆ. ಪಾಂಟಿಯಾಕ್ ವಿ8ರಲ್ಲಿ ಹೊರಗೆ ಕಾಣದ ಒಂದು ಅಪಾಯವಿದೆ: ವಾಲ್ವುಗಳನ್ನು ತೆರೆಯುವ ಕ್ಯಾಮಿನ ಚೈನ್ ಚಕ್ರದ ಹಲ್ಲುಗಳಿಗೆ ಕಾರ್ಖಾನೆಯಲ್ಲೇ ನೈಲಾನ್ ಹೊದಿಸಿರುತ್ತಾರೆ, ಸದ್ದು ಕಡಿಮೆಯಾಗಲೆಂದು. ದಶಕಗಳ ಬಿಸಿಗೆ ಆ ನೈಲಾನ್ ಒಡೆದು ಚೂರುಗಳು ಎಣ್ಣೆಯ ತೊಟ್ಟಿಗೆ ಬಿದ್ದು, ಪಂಪು ಎಣ್ಣೆ ಎಳೆಯುವ ಬಾಯಿಯನ್ನು ಮುಚ್ಚುತ್ತವೆ. ಎಂಜಿನ್ ಓಡಿಸುವ ಉದ್ದೇಶವಿದ್ದರೆ ಇದನ್ನು ಬದಲಿಸಲೇಬೇಕು, ನಾನು ಬದಲಿಸಿದೆ. ಸವೆತ ತಡೆಯಲು ಸತುವಿನ ಅಂಶ ಹೆಚ್ಚಿರುವ ಎಣ್ಣೆಯನ್ನೇ ಹಾಕುತ್ತೇನೆ, ಎಥನಾಲ್ ಬೆರೆಸದ ಪೆಟ್ರೋಲ್ ಸಿಗುವ ಬಂಕಿಗೆ ದೂರವಾದರೂ ಹೋಗುತ್ತೇನೆ. ಎಥನಾಲ್ ಹಳೆಯ ರಬ್ಬರನ್ನು ಹಾಳುಮಾಡುತ್ತದೆ.

ಏನನ್ನು ಮುಟ್ಟಬೇಕು, ಏನನ್ನು ಮುಟ್ಟಬಾರದು ಎಂಬಲ್ಲಿ ಸಂಗ್ರಾಹಕರು ಬೇರೆ ಬೇರೆ ಅಭಿಪ್ರಾಯದವರು. ಏನನ್ನೂ ಬದಲಿಸದೆ ಇಡಬೇಕೆನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಬ್ರೇಕಿನ ಹೋಸು, ಟೈರು, ಪೆಟ್ರೋಲ್ ಪೈಪು ಮನುಷ್ಯನ ಪ್ರಾಣಕ್ಕೆ ಸಂಬಂಧಪಟ್ಟವು, ಅವನ್ನು ಬದಲಿಸಿಯೇ ಕಾರನ್ನು ರಸ್ತೆಗಿಳಿಸಬೇಕು. ತೆಗೆದ ಪ್ರತಿಯೊಂದು ಭಾಗವನ್ನೂ, ಒಡೆದ ಆ ನೈಲಾನ್ ಚಕ್ರವನ್ನೂ ಸೇರಿಸಿ, ಎಲ್ಲಿಂದ ಯಾವಾಗ ತೆಗೆದದ್ದು ಎಂದು ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿಡುತ್ತೇನೆ; ಬಿಚ್ಚುವ ಮುನ್ನ ಪ್ರತಿ ಬೋಲ್ಟಿನ, ಪ್ರತಿ ಹೋಸ್ ಕ್ಲಾಂಪಿನ ಫೋಟೋ ತೆಗೆಯುತ್ತೇನೆ. ಬಿಟ್ಟುಹೋದ ಸೀಟಿನ ಹೊಲಿಗೆಯನ್ನು ಹಳೆಯ ರಂಧ್ರಗಳಲ್ಲೇ ದಾರ ಪೋಣಿಸಿ ಹೊಲಿಸಿದೆ, ಹೊದಿಕೆಯನ್ನು ಬದಲಿಸಲಿಲ್ಲ. ಬಣ್ಣಕ್ಕೆ ಪಾಲಿಶ್ ಯಂತ್ರ ಹಚ್ಚುವುದಿಲ್ಲ. ಲ್ಯಾಕರ್ ಉಜ್ಜಿದಷ್ಟೂ ತೆಳುವಾಗುತ್ತದೆ, ಬಟ್ಟೆಗೆ ಹತ್ತುವ ಹಸಿರು ಕಾರಿನಿಂದ ಹೋದ ಹಸಿರೇ. ಎಣ್ಣೆಯಂಶವಿರುವ ಗ್ಲೇಜನ್ನು (ಹೊಳಪು ಕೊಡುವ ಲೇಪವನ್ನು) ಕೈಯಿಂದ ಮೃದುವಾಗಿ ಹಚ್ಚಿ, ಒಂದು ರಾತ್ರಿ ಹೀರಿಕೊಳ್ಳಲು ಬಿಟ್ಟು, ಮರುದಿನ ಒರೆಸಿ, ಮೇಲೆ ಕಾರ್ನೌಬಾ ಮೇಣ ಹಚ್ಚಿದರೆ ಮಂಕಾದ ಬಣ್ಣಕ್ಕೆ ಆಳ ಮರಳುತ್ತದೆ. ಬಿರುಕುಗಳು ಹಾಗೆಯೇ ಇರುತ್ತವೆ, ಇರಲಿ.

ತಗಡು ತೂತಾಗಿ ರಚನೆಯೇ ದುರ್ಬಲವಾದ ಕಾರನ್ನು ಇದ್ದಂತೆ ಉಳಿಸುತ್ತೇನೆಂದು ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ. ಅಂಥದಕ್ಕೆ ಪುನರುಜ್ಜೀವನವೇ ಸರಿಯಾದ ದಾರಿ, ಅದನ್ನು ಬಲ್ಲವರು ಮಾಡಲಿ. ಉಳಿದವುಗಳಿಗೆ ಈಗ ಗೌರವದ ಜಾಗವಿದೆ. ಆಂಟಿಕ್ ಆಟೋಮೊಬೈಲ್ ಕ್ಲಬ್ ಆಫ್ ಅಮೆರಿಕಾ ಮೂಲರೂಪದಲ್ಲಿ ಉಳಿದ ವಾಹನಗಳಿಗೆಂದೇ ಪ್ರತ್ಯೇಕ ವರ್ಗವನ್ನಿಟ್ಟಿದೆ, ಷಿಕಾಗೋ ಸಮೀಪದ ರೋಸ್‌ಮಾಂಟ್‌ನಲ್ಲಿ ನವೆಂಬರ್ ತಿಂಗಳಲ್ಲಿ ನಡೆಯುವ ಮಸಲ್ ಕಾರ್ ಆಂಡ್ ಕಾರ್ವೆಟ್ ನ್ಯಾಷನಲ್ಸ್ ಪ್ರದರ್ಶನದಲ್ಲಿ ಕೊಟ್ಟಿಗೆಗಳಿಂದ ಹೊರಬಂದ ಕಾರುಗಳನ್ನು ಧೂಳಿನ ಸಮೇತ ನಿಲ್ಲಿಸುತ್ತಾರೆ. ವಿಮೆಯನ್ನು ಮಾತ್ರ, ಕಾರಿನ ಮೌಲ್ಯವನ್ನು ಮೊದಲೇ ಒಪ್ಪಿ ಬರೆದುಕೊಳ್ಳುವ ಪಾಲಿಸಿಯಾಗಿಯೇ ಮಾಡಿಸಬೇಕು, ಏಕೆಂದರೆ ಸಾಮಾನ್ಯ ಪಾಲಿಸಿಯಲ್ಲಿ ಕಾರ್ಖಾನೆಯ ಬಣ್ಣಕ್ಕೆ ಬೇರೆ ಬೆಲೆಯಿಲ್ಲ. ಅಪಘಾತದಲ್ಲಿ ಒಂದು ಫೆಂಡರ್ ಹೋದರೆ ಹೊಸ ಫೆಂಡರ್ ಹಾಕಿಸಬಹುದು, ಆದರೆ ಮರುಬಣ್ಣ ಬಳಿದ ಕಾರಿನ ಬೆಲೆ ಬೇರೆ, ಬಳಿಯದ ಕಾರಿನ ಬೆಲೆ ಬೇರೆ. ಅದಕ್ಕಾಗಿ ಬಣ್ಣದ ದಪ್ಪ ಅಳೆದ ಮೀಟರಿನ ಅಳತೆಗಳು, ಫೋಟೋಗಳು, ಕಾರ್ಖಾನೆಯ ಬಿಲ್ಲಿನ ಪ್ರತಿ, ಮೊದಲ ಒಡೆಯರ ಸರ್ವಿಸ್ ರಸೀದಿಗಳು ಎಲ್ಲವನ್ನೂ ಒಂದೇ ಕಡತದಲ್ಲಿ ಸೇರಿಸಿ ವಿಮೆಯವರಿಗೊಂದು ಪ್ರತಿ ಕೊಟ್ಟಿದ್ದೇನೆ. ಕಾರನ್ನು ಮುಂದೆ ಯಾರು ಕೊಂಡರೂ ಆ ಕಡತವೂ ಬಿಡಿಭಾಗಗಳ ಪೆಟ್ಟಿಗೆಯೂ ಅದರ ಜೊತೆಗೇ ಹೋಗುತ್ತವೆ, ಪ್ರತ್ಯೇಕವಾಗಿ ಮಾರಾಟಕ್ಕಿಲ್ಲ.